ಕೀಲಿ ತೆಗೆದ ಮೇಲೂ ಉರಿದ ದೀಪ

ಕೀಲಿ ತಿರುಗಿಸಿದರೆ ಬಲ್ಬು ಹತ್ತಿತು, ಹಿಂದಕ್ಕೆ ತಿರುಗಿಸಿದರೆ ಆರಿತು. ಸ್ಟೇಷನ್ನಿನ ಹಿಂದಿನ ಅಂಗಳದಲ್ಲಿ ಒಂದು ಮೋಟಾರ್ ಸೈಕಲ್ಲಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಇನ್ಸ್‌ಪೆಕ್ಟರ್ ಬೆಳಗಿನಿಂದ ಮಾಡುತ್ತಿದ್ದುದು ಇಷ್ಟೇ.

"ನೋಡಿದ್ರಾ ಮೇಡಂ?" ಎಂದರು ದಫೇದಾರರು. "ಕೀಲಿ ಆಫ್ ಆದ್ರೆ ಕ್ಯಾಮೆರಾನೂ ಆಫ್. ಕೀಲಿ ಸತ್ತೋರ ಜೇಬಲ್ಲೇ ಇತ್ತು. ಇನ್ನು ಈ ಕ್ಯಾಮೆರಾ ಏನು ನೋಡಿರುತ್ತೆ? ಕುರುಡನ ಮುಂದೆ ಕನ್ನಡಿ ಹಿಡಿದ ಹಾಗೆ."

ಮಾತು ಸರಿಯಾಗಿಯೇ ಇತ್ತು. ಬೆಂಕಿ ಬಿದ್ದ ಹತ್ತಿ ಗೋದಾಮಿನ ನಷ್ಟ ಅಳೆಯಲು ಹೋದ ವಿಮಾ ಸರ್ವೇಯರ್ ಅದೇ ಗೋದಾಮಿನ ಲಿಫ್ಟ್ ಇಳಿಯುವ ಹಳ್ಳದ ತಳದಲ್ಲಿ ಹೆಣವಾಗಿ ಸಿಕ್ಕಿದ್ದ. ಅವನ ಮೋಟಾರ್ ಸೈಕಲ್ಲು ಹೊರಗೆ, ಗೋದಾಮಿನ ಪಕ್ಕದ ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಅದರ ಹ್ಯಾಂಡಲಿಗೆ ಬೆಂಕಿಪೊಟ್ಟಣದಷ್ಟು ಸಣ್ಣ ಕ್ಯಾಮೆರಾ. ಆ ಕ್ಯಾಮೆರಾದ ಹೊಟ್ಟೆಯಲ್ಲಿ ಇರಬೇಕಾದ, ಕಂಡದ್ದನ್ನೆಲ್ಲ ಉಳಿಸಿಡುವ ಮೆಮೊರಿ ಕಾರ್ಡು ಮಾತ್ರ ಇರಲಿಲ್ಲ.

ಕಾಲು ಜಾರಿ ಬಿದ್ದ ಎಂದು ಬರೆದು ಕೈತೊಳೆದುಕೊಳ್ಳಲು ಮೇಲಿನವರಿಗೆ ಆತುರ. ಅವಳಿಗೆ ಮಾತ್ರ ಆ ಖಾಲಿ ಜಾಗ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಜಾರಿ ಬಿದ್ದವನ ಗಾಡಿಯಿಂದ ಕಾರ್ಡನ್ನು ಯಾರು ಯಾಕೆ ತೆಗೆಯುತ್ತಾರೆ? ನಿದ್ದೆ ಹೋದ ಕ್ಯಾಮೆರಾಕ್ಕೆ ಯಾರು ಹೆದರುತ್ತಾರೆ?

ಅವಳ ಕೈಯಲ್ಲಿದ್ದುದು ಟೆಸ್ಟ್ ಲ್ಯಾಂಪು. ಒಂದು ಸಣ್ಣ ಬಲ್ಬು, ಎರಡು ವೈರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಸೂಜಿ. ಕ್ಲಿಪ್ಪನ್ನು ಗಾಡಿಯ ಕಬ್ಬಿಣಕ್ಕೆ ಕಚ್ಚಿಸಿ ಸೂಜಿಯನ್ನು ವೈರಿಗೆ ಚುಚ್ಚಿದರೆ, ಅಲ್ಲಿ ಕರೆಂಟು ಇದೆಯೋ ಇಲ್ಲವೋ ಬಲ್ಬು ಹೇಳುತ್ತದೆ. ಪೊಲೀಸ್ ತರಬೇತಿಯಲ್ಲಿ ಇದನ್ನು ಕಲಿಸುವುದಿಲ್ಲ. ಅವಳು ಕಲಿತದ್ದು ಅಣ್ಣನ ಅಂಗಡಿಯಲ್ಲಿ, ಲಂಗ ಹಾಕುವ ವಯಸ್ಸಿನಲ್ಲಿ. ಹೆತ್ತವರು ಹೋದ ಮೇಲೆ ಅವಳನ್ನು ಸಾಕಿ, ಓದಿಸಿ, ಈ ಖಾಕಿಯವರೆಗೆ ತಂದು ನಿಲ್ಲಿಸಿದವನು ಆ ಅಣ್ಣ. ಕ್ಯಾಮೆರಾ, ಫೋನ್ ಚಾರ್ಜರ್, ಜಾಸ್ತಿ ದೀಪ, ಗಾಡಿಗೆ ಏನೇ ಹೊಸದಾಗಿ ಜೋಡಿಸಲಿ, ಅವನ ಪಾಠ ಒಂದೇ. ಬ್ಯಾಟರಿಗೆ ನೇರವಾಗಿ ಕೈ ಹಾಕಬೇಡ, ಗಾಡಿ ನಿಂತಾಗಲೂ ಅದು ರಕ್ತ ಹೀರುತ್ತಿರುತ್ತದೆ. ಕೀಲಿಯ ಮಾತು ಕೇಳುವ ವೈರನ್ನು ಹುಡುಕು. ಕೀಲಿ ಆನ್ ಅಂದರೆ ಹತ್ತಬೇಕು, ಆಫ್ ಅಂದರೆ ಸಾಯಬೇಕು.

ಕ್ಯಾಮೆರಾಕ್ಕೆ ಹೋಗುವ ಈ ವೈರೂ ಹಾಗೆಯೇ ಇತ್ತು. ಹತ್ತುತ್ತಿತ್ತು, ಸಾಯುತ್ತಿತ್ತು. ಹಾಗಿದ್ದರೆ ಬ್ಯಾಟರಿ ಸತ್ತದ್ದು ಯಾಕೆ?

ಅದು ಅವಳನ್ನು ನಿನ್ನೆಯಿಂದ ಕೊರೆಯುತ್ತಿದ್ದ ಇನ್ನೊಂದು ಹುಳ. ಗೋದಾಮಿನಿಂದ ಈ ಗಾಡಿಯನ್ನು ತಳ್ಳಿಕೊಂಡೇ ತಂದಿದ್ದರು, ಸ್ಟಾರ್ಟ್ ಆಗಲಿಲ್ಲ ಎಂದಿದ್ದರು ದಫೇದಾರರು. ಬ್ಯಾಟರಿ ಹೊಸದು ಎಂದು ಸತ್ತವನ ಹೆಂಡತಿ ಹೇಳಿದ್ದಳು. ಹೊಸ ಬ್ಯಾಟರಿಯನ್ನು ಒಂದೇ ರಾತ್ರಿಯಲ್ಲಿ ಕುಡಿದು ಖಾಲಿ ಮಾಡಿದ್ದು ಯಾವುದು? ಚಾರ್ಜ್ ಮಾಡಿಸಿ ಇವತ್ತು ಜೋಡಿಸಿದ ಮೇಲಷ್ಟೇ ಗಾಡಿಗೆ ಜೀವ ಬಂದಿತ್ತು.

ಸಾಕು, ಎದ್ದು ಮುಖ ತೊಳೆದುಕೊಳ್ಳೋಣ ಎಂದು ಅವಳು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಲಾಕ್ ಮಾಡಿದಳು. ಮನಸ್ಸು ಎಲ್ಲೋ ಇತ್ತು, ಕೈ ಸ್ವಲ್ಪ ಜೋರಾಯಿತು. ಲಾಕಾದ ಮೇಲೂ ಕೀಲಿ ಇನ್ನೊಂದು ಮೆಟ್ಟಿಲು ಮುಂದಕ್ಕೆ ಹೋಯಿತು.

ಗಾಡಿಯ ಹಿಂದಿನ ಕೆಂಪು ದೀಪ ಹತ್ತಿತು.

ಇದು ಕತ್ತಲ ರಸ್ತೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರಿಗಾಗಿ ಇಟ್ಟ ಪಾರ್ಕಿಂಗ್ ಕಟ್ಟು, ಆನ್ ಆಫ್ ಬಿಟ್ಟರೆ ಕೀಲಿ ನಿಲ್ಲುವ ಮೂರನೇ ಜಾಗ. ಕೆಲವೇ ಗಾಡಿಗಳಲ್ಲಿ ಇರುತ್ತದೆ, ಇದ್ದವರಲ್ಲೂ ಬಳಸುವವರು ಕಡಿಮೆ. ಅವಳು ಕೀಲಿಯನ್ನು ಎಳೆದಳು, ಕೈಗೆ ಬಂತು. ಕೆಂಪು ದೀಪ ಆರಲಿಲ್ಲ. ಸೂಜಿಯ ಬಲ್ಬೂ ಆರಲಿಲ್ಲ. ಹ್ಯಾಂಡಲಿನ ಮೇಲಿನ ಕ್ಯಾಮೆರಾದಲ್ಲಿ ಸಾಸಿವೆಯಷ್ಟು ನೀಲಿ ಚುಕ್ಕೆ ಮಿಟುಕತೊಡಗಿತು.

ಕೀಲಿ ಅವಳ ಅಂಗೈಯಲ್ಲಿತ್ತು, ಕ್ಯಾಮೆರಾ ಅವಳನ್ನೇ ನೋಡುತ್ತಿತ್ತು.

ಕ್ಯಾಮೆರಾದ ವೈರನ್ನು ಹಿಂದಿನ ದೀಪದ ವೈರಿಗೆ ಸೇರಿಸಿದ್ದರು. ದೀಪ ಎಲ್ಲಿಯವರೆಗೆ ಉರಿಯುತ್ತದೋ ಅಲ್ಲಿಯವರೆಗೆ ಕ್ಯಾಮೆರಾಕ್ಕೂ ಎಚ್ಚರ. ಆ ಸಂಜೆ ಸರ್ವೇಯರ್ ಗಾಡಿಯನ್ನು ಹೀಗೇ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಒಳಗೆ ಹೋಗಿದ್ದ. ಅವನ ಹಿಂದೆ ಆ ಬಾಗಿಲಿನಲ್ಲಿ ಹೋದವರನ್ನೂ ಬಂದವರನ್ನೂ ಕ್ಯಾಮೆರಾ ಬರೆದುಕೊಂಡಿತ್ತು, ಬ್ಯಾಟರಿ ಸಾಯುವವರೆಗೆ.

ಜೊತೆಗೆ ಇನ್ನೊಂದು ಮಾತು. ಕೀಲಿ ತೆಗೆದರೂ ಕ್ಯಾಮೆರಾ ಮಲಗುವುದಿಲ್ಲ ಎಂದು ಲೋಕಕ್ಕೆ ಗೊತ್ತಿರಲಿಲ್ಲ. ಕಾರ್ಡು ತೆಗೆದವನಿಗೆ ಗೊತ್ತಿತ್ತು.

ದಫೇದಾರರು ಬಹಳ ಹೊತ್ತು ಆ ನೀಲಿ ಚುಕ್ಕೆಯನ್ನೇ ನೋಡಿದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಸ್ಟೇಷನ್ನಿನ ಹುಡುಗರಿಗೆಲ್ಲ ಅವರು ದೊಡ್ಡಪ್ಪ. ಈ ವಾರ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದಾರೆಂದು ಹುಡುಗರು ಅವರ ಕಾಲೆಳೆಯುತ್ತಿದ್ದರು. ನನ್ನ ಗಾಡಿ ಮೇಡಂ ಅಣ್ಣನ ಅಂಗಡಿಯಲ್ಲಿ ಆಸ್ಪತ್ರೆ ಸೇರಿದೆ ಕಣ್ರಪ್ಪ, ನನ್ನ ಹಾಗೆ ಅದಕ್ಕೂ ವಯಸ್ಸಾಯ್ತು ಎಂದು ಅವರೂ ನಗಿಸಿದ್ದರು. ಇವಳು ಹೊಸದಾಗಿ ಬಂದಾಗ ಹೆಣದ ಮುಂದೆ ವಾಂತಿ ಮಾಡಿಕೊಳ್ಳದಂತೆ ಬೆನ್ನು ಸವರಿದವರು ಅವರೇ.

"ಹೇಳಬಾರದು ಅಂದ್ಕೊಂಡಿದ್ದೆ ಮೇಡಂ," ಎಂದರು ಕೊನೆಗೆ, ಅವಳ ಮುಖ ನೋಡದೆ. "ಗೋದಾಮಿನ ವಾಚ್‌ಮನ್ ನಿನ್ನೆ ಒಂದು ಮಾತು ಹೇಳ್ದ. ಆವತ್ತು ಸಂಜೆ ಆ ಗಾಡಿ ಹತ್ರ ಒಬ್ಬ ಓಡಾಡ್ತಿದ್ನಂತೆ. ಕುತ್ತಿಗೆಗೆ ಇದೇ ಥರ ಬಲ್ಬು, ವೈರು ನೇತಾಕ್ಕೊಂಡಿದ್ನಂತೆ."

ಅವಳು ಸೀಟನ್ನು ಕಳಚಿ ಒಳಗೆ ನೋಡಿದಳು. ನೋಡುವ ಅಗತ್ಯವಿರಲಿಲ್ಲ, ಬೆರಳಿಗೇ ಗೊತ್ತಿತ್ತು. ವೈರು ಸೇರುವ ಜಾಗಕ್ಕೆ ಹಳದಿ ಟೇಪು, ಟೇಪಿನ ಮೇಲೆ ಬಿಚ್ಚಿಕೊಳ್ಳದಂತೆ ಹೊಲಿಗೆಯ ದಾರದ ಎರಡು ಸುತ್ತು. ಅತ್ತಿಗೆಯ ಹೊಲಿಗೆ ಮಷೀನಿನಿಂದ ದಾರ ಕದ್ದು ಹೀಗೆ ಕಟ್ಟುವವನು ಈ ಊರಿನಲ್ಲಿ ಒಬ್ಬನೇ.

ಬಿಸಿ ತುಪ್ಪ ಗಂಟಲಿಗೆ ಬಿತ್ತು. ಸಂಜೆಯೊಳಗೆ ವರದಿ ಕೊಡಬೇಕಿತ್ತು. ವರದಿಯಲ್ಲಿ ಇದನ್ನು ಬರೆದರೆ ಅಣ್ಣ ಒಳಗೆ, ಬರೆಯದಿದ್ದರೆ ಖಾಕಿಗೆ ಅರ್ಥವಿಲ್ಲ. ಮೊನ್ನೆ ಊಟಕ್ಕೆ ಹೋದಾಗ ಆ ಗೋದಾಮಿನ ಕಡೆ ತಲೆಯನ್ನೇ ಹಾಕಿಲ್ಲ ಎಂದು, ಅವಳು ಕೇಳದೆಯೇ, ಅಣ್ಣ ಹೇಳಿದ್ದ. ಆಗ ಅದು ಅವಳಿಗೆ ವಿಚಿತ್ರ ಎನಿಸಿರಲಿಲ್ಲ.

"ಅಣ್ಣನ ಮನೆ ಶೋಧಿಸಬೇಕು," ಎಂದಳು.

ಬೇಡ ಮೇಡಂ ಎಂದರು ದಫೇದಾರರು. ಒಡಹುಟ್ಟಿದವರ ವಿಷಯ, ಕೇಸನ್ನು ಬೇರೆ ಸ್ಟೇಷನ್ನಿಗೆ ವರ್ಗ ಮಾಡಿಸಿ, ನಿಮ್ಮ ಕೈಯಿಂದ ಈ ಕೆಲಸ ಬೇಡ ಎಂದು ಎರಡೆರಡು ಸಲ ಹೇಳಿದರು. ಅವರು ಬೇಡವೆಂದಷ್ಟೂ ಅವಳಿಗೆ ಹಟ ಬಂತು. ತಂಗಿ ಅಣ್ಣನನ್ನು ಮುಚ್ಚಿಟ್ಟಳು ಎಂದು ನಾಳೆ ಯಾರೂ ಬೆರಳು ತೋರಿಸಬಾರದು. ಸಾಕ್ಷಿಗೆ ಪಂಚರನ್ನು ಕರೆದುಕೊಂಡು ನೀವೇ ಹೋಗಿ, ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಎಂದು ಅವಳೇ ಆಜ್ಞೆ ಕೊಟ್ಟಳು. ಅಷ್ಟರಲ್ಲಿ ತಾನು ಅಂಗಡಿಗೆ ಹೋಗಿ ಅಣ್ಣನನ್ನು ಮಾತನಾಡಿಸುವುದಾಗಿ ಹೇಳಿದಳು.

ದಫೇದಾರರು ಸೆಲ್ಯೂಟ್ ಹೊಡೆದು ಜೀಪಿನ ಕಡೆ ನಡೆದರು.

ಬಿಡಿಭಾಗಗಳ ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ತಗಡಿನ ಚಾವಣಿಗಳ ಮೇಲೆ ಕಾಯುತ್ತಿತ್ತು. ಅಣ್ಣನ ಅಂಗಡಿಯೆಂದರೆ ಒಂದು ಷಟರ್, ಒಂದು ಬೆಂಚು, ಗೋಡೆ ತುಂಬ ಮೊಳೆಗೆ ನೇತುಹಾಕಿದ ಬಣ್ಣಬಣ್ಣದ ವೈರಿನ ಸುರುಳಿಗಳು. ಅವನು ಒಂದು ಗಾಡಿಯ ಮುಂದಿನ ದೀಪ ಬಿಚ್ಚಿ ಅದರ ಕರುಳನ್ನೆಲ್ಲ ಹೊರಗೆ ಎಳೆದು ಕೂತಿದ್ದ. ಕುತ್ತಿಗೆಯಲ್ಲಿ ಟೆಸ್ಟ್ ಲ್ಯಾಂಪು ತೂಗುತ್ತಿತ್ತು.

"ಬಾ ಗುಬ್ಬಿ," ಎಂದ, ತಲೆ ಎತ್ತದೆ. "ಹೊತ್ತಲ್ಲದ ಹೊತ್ತಲ್ಲಿ ಪೊಲೀಸು ಬಂದ್ರೆ ಗಿರಾಕಿ ಹೆದರಿ ಓಡ್ತಾರೆ."

ಅವಳು ಷಟರನ್ನು ಅರ್ಧ ಇಳಿಸಿದಳು. ಆಗ ಅವನು ತಲೆ ಎತ್ತಿದ.

ಹತ್ತಿ ಗೋದಾಮಿಗೆ ಯಾವತ್ತು ಹೋಗಿದ್ದೆ ಎಂದು ಕೇಳಿದಳು. ಹೋಗಿಲ್ಲವಲ್ಲ, ಮೊನ್ನೆಯೇ ಹೇಳಿದೆನಲ್ಲ ಎಂದ. ನಾನು ಮೊನ್ನೆ ಕೇಳಿರಲೇ ಇಲ್ಲ ಎಂದಳು. ಅವನು ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವನ ಕೈ ತಾನಾಗಿ ಕುತ್ತಿಗೆಯ ಬಲ್ಬಿಗೆ ಹೋಯಿತು.

ಈ ಕೈ ಹಿಡಿದು ಶಾಲೆಗೆ ಹೋದವಳು ಅವಳು. ಅಪರಾಧಿಗಳನ್ನು ಎದುರಿಗೆ ಕೂರಿಸಿಕೊಂಡಾಗ ಅವಳಿಗೆ ಸುಳ್ಳಿನ ವಾಸನೆ ಬೇಗ ಹತ್ತುತ್ತಿತ್ತು. ಇವತ್ತು ಆ ಮೂಗು ತನಗೆ ಇಲ್ಲದಿದ್ದರೆ ಚೆನ್ನಾಗಿತ್ತು ಅನಿಸಿತು.

"ಅಣ್ಣ, ಕೀಲಿ ತೆಗೆದ್ರೂ ಆ ಕ್ಯಾಮೆರಾ ಉರಿಯುತ್ತೆ. ನಾನೇ ನೋಡ್ದೆ. ಹಳದಿ ಟೇಪು, ಅತ್ತಿಗೆ ದಾರ."

ಅವನು ಬೆಂಚಿನ ಮೇಲೆ ಕುಸಿದು ಕೂತ.

"ಆನ್ ನೋಡ್ದೆ, ಆಫ್ ನೋಡ್ದೆ," ಎಂದ. "ಮೂರನೇ ಕಟ್ಟು ನೋಡ್ಲಿಲ್ಲ. ನಮ್ಮ ಕಸುಬಿನೋರು ಯಾರೂ ನೋಡಲ್ಲ ಕಣೆ. ಹತ್ತಿತಾ, ಆರಿತಾ, ಟೇಪು ಸುತ್ತು, ಮುಗೀತು. ಊರಿಗೆಲ್ಲ ಪಾಠ ಹೇಳಿದ ಬಾಯಿ ಇದು."

ಆಮೇಲೆ ಕಟ್ಟೆ ಒಡೆದಂತೆ ಎಲ್ಲ ಬಂತು. ಆ ಸಂಜೆ ಸರ್ವೇಯರೇ ಫೋನ್ ಮಾಡಿದ್ದನಂತೆ. ಹೊಸ ಬ್ಯಾಟರಿ ಹಾಕಿದರೂ ಗಾಡಿ ಪದೇ ಪದೇ ಸಾಯುತ್ತಿದೆ, ಗೋದಾಮಿನ ಹತ್ತಿರ ಇದ್ದೇನೆ, ಬಂದು ನೋಡು ಎಂದು ರೇಗಿದ್ದನಂತೆ. ಇವನು ಹೋದಾಗ ಗಾಡಿಯ ಹ್ಯಾಂಡಲ್ ಲಾಕ್ ಆಗಿತ್ತು, ಹಿಂದಿನ ದೀಪ ಉರಿಯುತ್ತಿತ್ತು, ಕ್ಯಾಮೆರಾದಲ್ಲಿ ನೀಲಿ ಚುಕ್ಕೆ ಮಿಟುಕುತ್ತಿತ್ತು. ಕೀಲಿ ಇಲ್ಲದೆ ಇವನು ಏನು ಮಾಡಿಯಾನು? ಕೂಗಿದ, ಬಾಗಿಲು ತಟ್ಟಿದ, ಫೋನ್ ಮಾಡಿದ. ಉತ್ತರ ಬರಲಿಲ್ಲ. ಬೈಗುಳ ತಪ್ಪಿತು ಎಂದುಕೊಂಡು ಮನೆಗೆ ಬಂದ. ಮರುದಿನ ಸಾವಿನ ಸುದ್ದಿ ಕೇಳಿ ಬಾಯಿ ಮುಚ್ಚಿಕೊಂಡ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಅವಳ ದನಿ ಇನ್ಸ್‌ಪೆಕ್ಟರಿನದಾಗಿ ಹೊರಟು ತಂಗಿಯದಾಗಿ ಮುಗಿಯಿತು.

"ನಾಚಿಕೆ," ಎಂದ ಅಣ್ಣ. "ನನ್ನ ವೈರಿಂಗಿಗೆ ಯಾರೂ ಬೆರಳು ಇಟ್ಟು ತೋರಿಸಿಲ್ಲ ಇಷ್ಟು ವರ್ಷ. ಆಮೇಲೆ ಭಯ. ಗಾಡಿ ಹತ್ರ ಇದ್ದೋನು ನಾನೊಬ್ನೇ ಅಂತಾದ್ರೆ ಯಾರು ನಂಬ್ತಾರೆ?"

ಅವಳು ನಂಬಿದಳು. ಆದರೆ ತಂಗಿ ನಂಬಿದರೆ ಏನು ಬಂತು, ನ್ಯಾಯಾಲಯ ನಂಬಬೇಕಲ್ಲ. ಅವನ ಮಾತು ನಿಜವಾದರೆ ಅವನು ಹೋದಾಗ ಕ್ಯಾಮೆರಾ ಎಚ್ಚರವಾಗಿತ್ತು, ಕಾರ್ಡೂ ಒಳಗೇ ಇದ್ದಿರಬೇಕು. ಅವನ ಮುಖವೂ ಆ ಕಾರ್ಡಿನಲ್ಲಿದೆ, ಬಾಗಿಲು ತಟ್ಟಿ ವಾಪಸ್ ಹೋದದ್ದೂ ಇದೆ. ಅವನನ್ನು ಉಳಿಸುವುದು ಆ ಕಾರ್ಡೊಂದೇ. ಅದನ್ನು ಆಮೇಲೆ ತೆಗೆದವನು ಈ ತಪ್ಪನ್ನು ಬಲ್ಲವನು.

"ಅಣ್ಣ, ಸರಿಯಾಗಿ ಯೋಚನೆ ಮಾಡಿ ಹೇಳು. ಈ ಮೂರನೇ ಕಟ್ಟಿನ ವಿಷಯ ನಿನ್ನ ಬಿಟ್ಟು ಇನ್ನು ಯಾರಿಗೆ ಗೊತ್ತು?"

"ಯಾರಿಗೂ ಹೇಳಿಲ್ಲ."

"ಹೇಳಿಲ್ಲ ಅಂದ್ರೆ ಗೊತ್ತಿಲ್ಲ ಅಂತಲ್ಲ. ನಿನಗೆ ಹೇಗೆ ಗೊತ್ತಾಯ್ತು?"

ಅವನು ಹುಬ್ಬು ಗಂಟಿಕ್ಕಿದ. ಮೊದಲ ದೂರು ಸರ್ವೇಯರನದ್ದಲ್ಲ ಎಂದ. ಅದೇ ಮಾದರಿಯ ಇನ್ನೊಂದು ಗಾಡಿ, ಅದೇ ಕ್ಯಾಮೆರಾ, ಇವನದೇ ವೈರಿಂಗ್. ಬೆಳಿಗ್ಗೆ ಎದ್ದರೆ ಬ್ಯಾಟರಿ ಖಾಲಿ ಎಂದು ಆ ಗಿರಾಕಿ ಹೋದ ತಿಂಗಳು ತಂದಿದ್ದರು. ಎಷ್ಟು ಹುಡುಕಿದರೂ ತಪ್ಪು ಸಿಕ್ಕಲಿಲ್ಲ. ಕೊನೆಗೆ ಅವರು ತಾವು ರಾತ್ರಿ ಹೇಗೆ ನಿಲ್ಲಿಸುತ್ತಾರೆಂದು ಇಲ್ಲೇ, ಈ ಬೆಂಚಿನ ಮುಂದೆ ತೋರಿಸಿದರು. ಕೀಲಿ ತೆಗೆದ ಮೇಲೂ ನೀಲಿ ಚುಕ್ಕೆ ಮಿಟುಕಿದಾಗ ಇವನು ತಲೆ ಚಚ್ಚಿಕೊಂಡ, ಅವರು ಹೊಟ್ಟೆ ಹಿಡಿದು ನಕ್ಕರು. ಒಡೆಯ ಮಲಗಿದ್ರೂ ಇದು ಕಣ್ಣು ಮುಚ್ಚಲ್ವಲ್ಲಯ್ಯ ಎಂದರು. ಅವರ ಗಾಡಿಯ ಕ್ಯಾಮೆರಾವನ್ನು ಇವನು, ಕೀಲಿ ಆನ್ ಇದ್ದಾಗಷ್ಟೇ ಕರೆಂಟು ಬರುವ ಬ್ರೇಕ್ ಸ್ವಿಚ್ಚಿನ ವೈರಿಗೆ ಬದಲಾಯಿಸಿ ಕೊಟ್ಟ. ಬೇರೆ ಗಿರಾಕಿಗಳನ್ನೂ ಕರೆದು ಸರಿ ಮಾಡಬೇಕಿತ್ತು, ಮಾನ ಅಡ್ಡ ಬಂತು.

"ಯಾರ ಗಾಡಿ ಅದು?"

ಅಣ್ಣ ಅವಳನ್ನು ವಿಚಿತ್ರವಾಗಿ ನೋಡಿದ. "ನಿಮ್ಮ ದೊಡ್ಡಪ್ಪಂದು ಕಣೆ. ನಿನ್ನ ದಫೇದಾರರದ್ದು. ಅವರೇ ಹೇಳ್ಲಿಲ್ವಾ ನಿಂಗೆ?"

ಬೆಳಗಿನ ಮಾತುಗಳನ್ನು ಅವಳು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದಳು.

ಕೀಲಿ ಆಫ್ ಆದ್ರೆ ಕ್ಯಾಮೆರಾನೂ ಆಫ್. ಬೆಳಿಗ್ಗೆ ಅಷ್ಟು ಸಲೀಸಾಗಿ ಹೇಳಿದ ಬಾಯಿ. ಹೆಣ ಸಿಕ್ಕ ದಿನ ಗೋದಾಮಿಗೆ ಮೊದಲು ಹೋದವರು ಅವರು. ಸತ್ತವನ ಜೇಬಿನಿಂದ ಕೀಲಿ ತೆಗೆದು ಗಾಡಿಯ ಲಾಕ್ ಬಿಡಿಸಿದವರು ಅವರು. ಪಾರ್ಕಿಂಗ್ ಕಟ್ಟಿನಲ್ಲಿ ಇದ್ದುದನ್ನು ಕಂಡೂ ಬರೀ ಹ್ಯಾಂಡಲ್ ಲಾಕ್ ಎಂದು ಬರೆಸಿದವರು ಅವರು. ವಾಚ್‌ಮನ್ ಹೇಳಿದ ಎಂದು ಅವಳ ಕಿವಿಗೆ ಹಾಕಿದವರೂ ಅವರೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಯಾಕೆ, ಯಾರಿಗಾಗಿ ಎಂಬುದು ಅವಳಿಗೆ ತಿಳಿಯಲಿಲ್ಲ. ಅಂದು ಬೆನ್ನು ಸವರಿದ್ದೂ ಇದೇ ಕೈ.

ಆದರೆ ಇದೆಲ್ಲಕ್ಕೂ ಸಾಕ್ಷಿ? ಆರೋಪಿ ಅಣ್ಣನ ಬಾಯಿಮಾತು. ಅಲ್ಲ, ಇನ್ನೊಂದು ಇತ್ತು. ಅವರ ಗಾಡಿ. ಹಿಂದಿನ ದೀಪದ ವೈರಿನಲ್ಲಿ ಹಳೆಯ ಜೋಡಣೆಯ ಗಾಯ, ಬ್ರೇಕ್ ಸ್ವಿಚ್ಚಿನಲ್ಲಿ ಹೊಸ ಟೇಪು, ಅದೇ ದಾರ. ಅದು ಅಂಗೈಯಷ್ಟು ಸ್ಪಷ್ಟವಾಗಿ ಹೇಳುತ್ತದೆ, ಈ ತಪ್ಪು ಅವರಿಗೆ ಮೊದಲೇ ಗೊತ್ತಿತ್ತೆಂದು.

"ಅವರ ಗಾಡಿ ಇಲ್ಲೇ ಇದೆಯಲ್ಲ ಅಣ್ಣ, ರಿಪೇರಿಗೆ? ತೋರಿಸು."

"ಇಲ್ಲೆಲ್ಲಿದೆ? ಹೋದ ತಿಂಗಳು ತಗೊಂಡು ಹೋದೋರು ಮತ್ತೆ ಈ ಕಡೆ ಬಂದಿಲ್ಲ."

ಅಂಗಡಿಯಲ್ಲಿ ಇದ್ದುದು ಕರುಳು ಬಿಚ್ಚಿದ ಆ ಒಂದು ಗಾಡಿ ಮಾತ್ರ. ಅವಳು ಷಟರಿನಡಿ ಬಗ್ಗಿ ಬೀದಿಯನ್ನೂ ನೋಡಿದಳು, ನೋಡಿ ಏನು ಪ್ರಯೋಜನ ಎಂದು ಗೊತ್ತಿದ್ದೂ. ಆಗ ಅವಳಿಗೆ ಇನ್ನೊಂದು ನೆನಪಾಯಿತು. ಮನೆಗೆ ಅವರನ್ನು ಕಳಿಸಿದವಳು ಅವಳೇ. ಅವರು ಬೇಡ ಬೇಡವೆಂದರೂ ಕಳಿಸಿದ್ದಳು.

ಫೋನ್ ಬಡಿದುಕೊಂಡಿತು.

"ಮೇಡಂ, ಕಾರ್ಡ್ ಸಿಕ್ತು," ಎಂದರು ದಫೇದಾರರು. ದನಿಯಲ್ಲಿ ಹಿರಿಯರ ಮರುಕವಿತ್ತು. "ನಿಮ್ಮ ಅತ್ತಿಗೆ ಹೊಲಿಗೆ ಮಷೀನಿನ ಡ್ರಾಯರಲ್ಲಿ, ದಾರದುಂಡೆಗಳ ಕೆಳಗೆ. ಮುರಿದುಹೋಗಿದೆ, ಎರಡು ತುಂಡು. ಪಂಚರ ಸಹಿ ಆಯ್ತು, ಅವರನ್ನ ಕಳಿಸಿಬಿಟ್ಟೆ. ಅತ್ತಿಗೆ ತುಂಬ ಅಳ್ತಾ ಇದ್ದಾರೆ. ನಾನು ಜೊತೆಗೆ ಕೂತಿದ್ದೀನಿ."

ಹಿಂದೆ ಅತ್ತಿಗೆಯ ಅಳು ಕೇಳುತ್ತಿತ್ತು, ಬಿಕ್ಕಿ ಬಿಕ್ಕಿ ಬರುವ ಅಳು. ಅವರು ಮನೆಯಲ್ಲಿ ಇಬ್ಬರೇ. ಇನ್ಸ್‌ಪೆಕ್ಟರ್ ಫೋನನ್ನು ಕಿವಿಗೆ ಒತ್ತಿಕೊಂಡಳು. ದನಿ ನಡುಗಬಾರದು, ಅವರಿಗೆ ಸಂಶಯ ಬರಬಾರದು, ತಾನು ಅಲ್ಲಿಗೆ ಮುಟ್ಟುವವರೆಗೆ ಏನೂ ಗೊತ್ತಿಲ್ಲದವಳ ಹಾಗೆ ಇರಬೇಕು. ಮಹಜರು ಬರೆದು ಕಾಯುತ್ತಿರಿ, ನಾನು ಬರುತ್ತೇನೆ ಎಂದಳು.

"ಆಗ್ಲಿ ಮೇಡಂ. ಅಂಗಡೀಲೇ ಇದ್ದೀರಲ್ಲ, ಒಂದು ಮಾತು," ಎಂದರು ಅವರು, ಅದೇ ಮೃದುವಾದ ದನಿಯಲ್ಲಿ. "ನನ್ನ ಗಾಡಿ ಆಯ್ತಾ ಅಂತ ನಿಮ್ಮಣ್ಣನ್ನ ಕೇಳ್ತೀರಾ?"

ಅಣ್ಣ ಎದುರಿಗೆ ಬಾಯಿ ತೆರೆದು ನಿಂತಿದ್ದ. ಬಾಯಿ ಮುಚ್ಚು ಎಂದು ಅವಳು ಕೈ ಅಡ್ಡ ಹಿಡಿದಳು.

"ಇಲ್ಲೇ ಇದೆ," ಎಂದಳು. "ಇನ್ನೂ ಆಗಿಲ್ಲ. ನಾಳೆ ಕೊಡ್ತಾನಂತೆ."

ಆ ಕಡೆ ಮಾತು ನಿಂತಿತು. ಏನೂ ತಿಳಿಯದವಳಾಗಿದ್ದರೆ ಗಾಡಿ ಇಲ್ಲಿ ಬಂದೇ ಇಲ್ಲವಂತಲ್ಲ ಎಂದು ಸಹಜವಾಗಿ ಹೇಳುತ್ತಿದ್ದಳು. ಇಲ್ಲದ ಗಾಡಿಯನ್ನು ಇದೆ ಎಂದದ್ದರಲ್ಲೇ ತಾನು ಸಿಕ್ಕಿಬಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು.

"ನಾಳೆ," ಎಂದರು ದಫೇದಾರರು ನಿಧಾನವಾಗಿ.

ಹಿಂದೆ ಕೇಳುತ್ತಿದ್ದ ಅತ್ತಿಗೆಯ ಅಳು, ಬಿಕ್ಕಿನ ನಡುವೆಯೇ, ನಿಂತುಹೋಯಿತು.